ಶುಕ್ರವಾರದ ಎರಡನೇ ರಕ್ತ

ನಿವೃತ್ತಿಯಾದವರು ಕುಂಡದಲ್ಲಿ ಗಿಡ ಬೆಳೆಸುತ್ತಾರೆ, ಭಜನಾ ಮಂಡಳಿ ಸೇರುತ್ತಾರೆ, ಮೊಮ್ಮಕ್ಕಳ ಹಿಂದೆ ಓಡುತ್ತಾರೆ. ನನಗೆ ಇದ್ಯಾವುದೂ ಒಗ್ಗಲಿಲ್ಲ. ಬೆಳಿಗ್ಗೆ ತುಂಗೆಯ ದಂಡೆಯವರೆಗೆ ನಡೆದು ಬಂದರೂ ಕಾಲು ಸುಮ್ಮನಿರುವುದಿಲ್ಲ, ಮಧ್ಯಾಹ್ನ ಕೋಟೆ ಕಡೆಗೆ ಇನ್ನೊಂದು ಸುತ್ತು. 'ಕೂತ್ಕೊಳ್ಳೇ ಮಾರಾಯ್ತಿ, ನಿನ್ನ ನೋಡಿದ್ರೆ ನನಗೆ ಸುಸ್ತಾಗುತ್ತೆ' ಎಂದು ನಮ್ಮನೆಯವರು ಬೈಯುತ್ತಾರೆ. ಕಳೆದ ತಿಂಗಳು, ನಾನಿದ್ದ ಲ್ಯಾಬಿಗೆ ಹೊಸದಾಗಿ ಸೇರಿದ ಮೂವರು ಹುಡುಗಿಯರು ಮನೆಗೆ ಬಂದು, 'ಮೇಡಂ, ನಿಮ್ಮ ಅನುಭವ ಬರೆದು ಕೊಡಿ' ಎಂದರು. ಸುಮ್ಮನೆ ಸುತ್ತುವುದಕ್ಕಿಂತ ಇದು ಮೇಲು ಎಂದು ಕೂತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಇಲ್ಲ. ಅದು ನಿಮಗೆ ಉಪಯೋಗಕ್ಕೂ ಬರುವುದಿಲ್ಲ.

ನಾನು ಕೆಲಸ ಮಾಡಿದ್ದು ಒಂದು ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ, ತಂತ್ರಜ್ಞೆಯಾಗಿ. ಕಾಲೇಜಿನ ಹೆಸರು ಬರೆಯುವುದಿಲ್ಲ. ನಮ್ಮ ವಿಭಾಗದ ಹಠ ಒಂದೇ, ಇಲಿ ಜ್ವರ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಿಂತು ಕೆಲಸ ಮಾಡುವವರಿಗೆ, ಕಾಲಿನ ಸಣ್ಣ ಗಾಯದಿಂದ ಮೈ ಸೇರುವ ಜ್ವರ ಅದು. ಕಣ್ಣು ಕೆಂಪಾಗುತ್ತದೆ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಕೆಲವರಿಗೆ ಕಾಮಾಲೆ, ಕಡೆಗೆ ಮೂತ್ರಪಿಂಡಕ್ಕೇ ಕುತ್ತು. ಬೇಗ ಔಷಧಿ ಬಿದ್ದರೆ ಹೆಚ್ಚಿನವರು ಎದ್ದು ಕೂರುತ್ತಾರೆ. ಬೇಗ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ.

ವಿಭಾಗದ ಮುಖ್ಯಸ್ಥರು ಡಾಕ್ಟರ್ ನರಹರಿ. ಕೋಟೆಯ ಹತ್ತಿರ ಮನೆ, ಅಪ್ಪ ಸಂಸ್ಕೃತ ಪಂಡಿತರು. ಇವರಿಗೆ ಮಾತ್ರ ಸೂಕ್ಷ್ಮದರ್ಶಕವೇ ದೇವರು. ಸಿಟ್ಟಿನ ಮನುಷ್ಯ, ಆದರೆ ಕೂಗುತ್ತಿರಲಿಲ್ಲ. ಮೆತ್ತಗೆ ಒಂದು ಮಾತು ಹೇಳಿ ಹೋಗುತ್ತಿದ್ದರು, ಅದು ವಾರವಿಡೀ ಚುಚ್ಚುತ್ತಿತ್ತು.

ಸೇರಿದ ವರ್ಷದಲ್ಲೇ ಅಂಥದ್ದೊಂದು ತಿಂದೆ. ಇಲಿ ಜ್ವರದ ಪರೀಕ್ಷೆಗೆ ಜೀವಂತ ಜೀವಾಣು ಬೇಕು. ಅವನ್ನು ಗಾಜಿನ ನಳಿಗೆಗಳಲ್ಲಿ ಸಾಕಬೇಕು, ಹೊತ್ತು ತಪ್ಪದೆ ಹೊಸ ಆಹಾರಕ್ಕೆ ಬದಲಾಯಿಸಬೇಕು. ನಾನು ತಂಗಿಯ ಮದುವೆಗೆಂದು ಹೋದವಳು ಬೀಗರೂಟ, ಅದು ಇದು ಎಂದು ತಡಮಾಡಿ ಬಂದೆ. ಅಷ್ಟರಲ್ಲಿ ಹನ್ನೆರಡು ತಳಿಗಳಲ್ಲಿ ಒಂಬತ್ತು ಸತ್ತಿದ್ದವು. ಸರ್ ನಳಿಗೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. 'ಮನೇಲಿ ಹಸು ಇದ್ರೆ ಹುಲ್ಲು ಹಾಕದೆ ಮದುವೆಗೆ ಹೋಗ್ತಿದ್ರಾ, ವನಜಾಕ್ಷಿ?' ಎಂದರು. ಆ ಒಂಬತ್ತನ್ನು ದೂರದ ಲ್ಯಾಬಿನಿಂದ ಮತ್ತೆ ತರಿಸಲು ಮೂರು ತಿಂಗಳು ಹಿಡಿಯಿತು. ಆಮೇಲೆ ನನ್ನ ಸ್ವಂತ ಮಕ್ಕಳಿಗಿಂತ ಅವುಗಳ ಊಟದ ಚಿಂತೆಯೇ ನನಗೆ ಹೆಚ್ಚಾಯಿತು.

ಆಗಿನ ಕೆಲಸದ ರೀತಿ ಕೇಳಿದರೆ ನೀವು ಮೂಗಿನ ಮೇಲೆ ಬೆರಳಿಡುತ್ತೀರಿ. ರಕ್ತ ಹೆಪ್ಪುಗಟ್ಟಿದಾಗ ಮೇಲೆ ನಿಲ್ಲುವ ತಿಳಿ ಹಳದಿ ನೀರಿಗೆ ಸೀರಂ ಎನ್ನುತ್ತೇವಲ್ಲ, ಅದನ್ನು ಗಾಜಿನ ಪಿಪೆಟ್ಟಿನಲ್ಲಿ ಬಾಯಿಂದಲೇ ಎಳೆಯುತ್ತಿದ್ದೆವು, ಕೊಳವೆಯಲ್ಲಿ ಎಳನೀರು ಕುಡಿದ ಹಾಗೆ. ಒಂದು ದಿನ ಮಾತಾಡುತ್ತ ಜೋರಾಗಿ ಎಳೆದು ಯಾರದೋ ಸೀರಂ ನಾಲಿಗೆಗೆ ಬಂತು. ಉಪ್ಪುಪ್ಪು. ಉಗುಳಿ, ಬಾಯಿ ತೊಳೆದು, ಎರಡು ವಾರ ದಿನಾ ಜ್ವರ ನೋಡಿಕೊಂಡೆ. ಇನ್ನೊಮ್ಮೆ ತ್ಯಾವರೆಕೊಪ್ಪದ ಸಿಂಹಧಾಮದ ಸಿಂಹವೊಂದರ ಸೀರಂ ಪರೀಕ್ಷೆಗೆ ಬಂತು. ಇಡೀ ಕಾಲೇಜೇ ನೋಡಲು ಬಂದು ನಿರಾಸೆಯಿಂದ ವಾಪಸಾಯಿತು. ಅದೂ ನಮ್ಮ ನಿಮ್ಮದರಂತೆಯೇ ತಿಳಿ ಹಳದಿ. ನಳಿಗೆಯ ಮೇಲೆ ಅಂಟಿಸಿದ ಚೀಟಿ ಬಿದ್ದುಹೋದರೆ ಸಿಂಹ ಯಾವುದು, ಮನುಷ್ಯ ಯಾವುದು ಎಂದು ಬ್ರಹ್ಮನೂ ಹೇಳಲಾರ.

ಇಲಿ ಹಿಡಿಯುವುದೂ ನಮ್ಮ ಪಾಲಿಗಿತ್ತು. ಭದ್ರಾವತಿಯ ಕಾರ್ಖಾನೆ ವಸತಿಗಳ ಚರಂಡಿ ಪಕ್ಕ, ಮಲವಗೊಪ್ಪದ ಕಬ್ಬಿನ ಗದ್ದೆಗಳ ಅಂಚಿನಲ್ಲಿ ಬೋನು ಇಡುತ್ತಿದ್ದೆವು. ಪುಸ್ತಕದಲ್ಲಿ ಕೊಬ್ಬರಿ ಇಡಿ ಎಂದಿತ್ತು. ನಮ್ಮ ಇಲಿಗಳು ಕೊಬ್ಬರಿಯನ್ನು ಮೂಸಿಯೂ ನೋಡಲಿಲ್ಲ, ಮಸಾಲೆ ಬೋಂಡಕ್ಕೆ ಬಿದ್ದವು. ಒಮ್ಮೆ ಹೋಗಿ ನೋಡಿದರೆ ಒಂದು ಬೀದಿಯ ಬೋನುಗಳೆಲ್ಲ ಬಾಯಿ ತೆರೆದುಕೊಂಡು ಖಾಲಿ. ಅಲ್ಲಿನ ಹೆಂಗಸೊಬ್ಬರು, 'ಸಂಕಷ್ಟಿ ದಿನ ಗಣಪನ ವಾಹನ ಹಿಡಿದು ಕೊಡೋಕೆ ನಮಗೇನು ತಲೆ ಕೆಟ್ಟಿದ್ಯಾ? ನಾವೇ ಬಿಟ್ವಿ' ಎಂದರು. ನಾನು ನಗುತ್ತ ಇದನ್ನು ಸರ್‌ಗೆ ಹೇಳಿದೆ. ಅವರು ನಗಲಿಲ್ಲ. 'ಪಂಚಾಂಗ ನೋಡ್ಕೊಂಡು ಸಂಶೋಧನೆ ಮಾಡೋಕಾಗಲ್ಲ. ಇನ್ನೊಂದು ಸಲ ಈ ಥರದ ಕಾರಣ ನನ್ನ ಹತ್ರ ತರಬೇಡಿ' ಎಂದರು. ನಾನು ತರಲಿಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಈಗ ಒಂದು ಹನಿ ರಕ್ತವನ್ನು ಕಾರ್ಡಿನ ಮೇಲೆ ಬಿಟ್ಟರೆ ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಆಗ ಹಾಗಿರಲಿಲ್ಲ. ಜ್ವರ ಇರುವಾಗ ಒಂದು ಸಲ ರಕ್ತ, ಅದಾಗಿ ಹದಿನಾಲ್ಕು ದಿನ ತುಂಬಿದಾಗ ಎರಡನೇ ಸಲ ರಕ್ತ. ಎರಡರ ಸೀರಮನ್ನೂ ಜೀವಂತ ಜೀವಾಣುಗಳ ಜೊತೆ ಬೆರೆಸಿ, ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮೈ ರೋಗದ ವಿರುದ್ಧ ಹೋರಾಡಿದ್ದರೆ ಜೀವಾಣುಗಳು ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಎರಡನೇ ರಕ್ತದಲ್ಲಿ ಹೀಗೆ ಅಂಟಿಸುವ ಶಕ್ತಿ ಮೊದಲಿನದಕ್ಕಿಂತ ನಾಲ್ಕು ಪಟ್ಟಾದರೂ ಏರಿದ್ದರೆ ಅದು ಇಲಿ ಜ್ವರ ಎಂದು ಖಚಿತ. ಏರದಿದ್ದರೆ ಬೇರೇನೋ. ಸಾಮಾನ್ಯವಾಗಿ ಎರಡನೇ ರಕ್ತವಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ.

ಸರ್ ಒಂದು ಅಧ್ಯಯನ ಹಾಕಿಕೊಂಡರು. ಶಿವಮೊಗ್ಗ ಸುತ್ತಲಿನ ಜ್ವರ, ಭದ್ರಾವತಿ ಕಡೆಯ ಜ್ವರ ಎರಡೂ ಒಂದೇ ತಳಿಯದೋ ಎಂದು ನೋಡುವುದು. ಶಿವಮೊಗ್ಗದವರು ತಾವೇ ಕಾಲೇಜಿಗೆ ಬರುತ್ತಿದ್ದರು. ಭದ್ರಾವತಿಗೆ ನಮ್ಮ ಜೀಪು ಮಂಗಳವಾರ ಮತ್ತು ಶುಕ್ರವಾರ ಹೋಗುತ್ತಿತ್ತು, ಅಲ್ಲೊಂದು ಜ್ವರದ ಕ್ಲಿನಿಕ್ ನಡೆಸುತ್ತಿದ್ದೆವು. ಮೊದಲ ರಕ್ತ ಅಲ್ಲಿ. ಎರಡನೆಯದನ್ನು ಮನೆಗೇ ಹೋಗಿ ನಾನು ತರಬೇಕು. ಈಗ ಲೆಕ್ಕ ಹಾಕಿ. ಶುಕ್ರವಾರ ತೆಗೆದ ರಕ್ತಕ್ಕೆ ಹದಿನಾಲ್ಕು ದಿನ ತುಂಬುವುದು ಶುಕ್ರವಾರವೇ. ಮಂಗಳವಾರದ್ದಕ್ಕೆ ಮಂಗಳವಾರವೇ.

ನಮ್ಮ ಕಡೆ ಈ ಎರಡು ದಿನ ಮನೆಯಿಂದ ಉಪ್ಪು, ಮೊಸರು ಆಚೆ ಕೊಡುವುದಿಲ್ಲ, ಉಗುರು ಕತ್ತರಿಸುವುದಿಲ್ಲ. ರಕ್ತ ಕೊಡುತ್ತಾರೆಯೇ? ಕ್ಲಿನಿಕ್ಕಿನಲ್ಲಿ ಜ್ವರದಿಂದ ನಡುಗುವಾಗ ಯಾರಿಗೂ ವಾರದ ನೆನಪಾಗುತ್ತಿರಲಿಲ್ಲ. ಜ್ವರ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ಮನೆಯ ಹೊಸ್ತಿಲೊಳಗೆ ಕೂತ ಮೇಲೆ ಶುಕ್ರವಾರ ಶುಕ್ರವಾರವೇ ಆಗಿಬಿಡುತ್ತಿತ್ತು.

ಮೊದಲು ನನ್ನನ್ನು ವಾಪಸು ಕಳಿಸಿದವರು ಸಾವಿತ್ರಮ್ಮ. ಅವರ ಮಗ ಮಂಜುನಾಥ ಕಾರ್ಖಾನೆಯ ನೀರು ಹರಿಯುವ ಕಾಲುವೆಗಳ ದುರಸ್ತಿ ಕೆಲಸದವನು. ಜ್ವರ ಬಂದು ವಾಸಿಯಾಗಿದ್ದವಳು ಅವನ ಹೆಂಡತಿ ಲತಾ. ನಾನು ರಕ್ತದ ಡಬ್ಬಿ ತೆರೆಯುವಷ್ಟರಲ್ಲಿ ಸಾವಿತ್ರಮ್ಮ ಸೊಸೆಯ ಕೈ ಹಿಡಿದು ಹಿಂದಕ್ಕೆಳೆದರು.

'ಶುಕ್ರವಾರದ ದಿನ ಮುತ್ತೈದೆ ಮೈಯಿಂದ ರಕ್ತ ತೆಗೀತಾರೇನಮ್ಮ? ನೀನೂ ಕುಂಕುಮ ಇಟ್ಕೊಂಡೋಳು, ನಿನಗೆ ಗೊತ್ತಾಗಲ್ವಾ?'

'ಸ್ವಲ್ಪೇ ಸ್ವಲ್ಪ ಅಮ್ಮ, ಒಂದು ಚಮಚ.'

'ಚಮಚ ಆದ್ರೇನು, ಚೊಂಬಾದ್ರೇನು. ನಾಳೆ ಬಾ, ಎರಡು ಟ್ಯೂಬ್ ತಗೊಂಡು ಹೋಗು, ಬೇಡ ಅನ್ನಲ್ಲ. ಈಗ ಕಾಫಿ ಕುಡಿ.'

ಕಾಫಿ ಕುಡಿದೆ. ಜೀಪಿನಲ್ಲಿ ವಾಪಸು ಬರುವಾಗ ತೊಡೆಯ ಮೇಲಿನ ಖಾಲಿ ಡಬ್ಬಿ ಭಾರವಾಗಿತ್ತು. ಹದಿನಾಲ್ಕು ಎಂದರೆ ಹದಿನಾಲ್ಕು, ಸರ್ ಹದಿನೈದನ್ನು ಒಪ್ಪುವವರಲ್ಲ. ಯಾಕೆ ತರಲಿಲ್ಲ ಎಂದು ಕೇಳಿದರೆ ಶುಕ್ರವಾರ ಎನ್ನಬೇಕು. ಆ ಥರದ ಕಾರಣ ತರಬೇಡಿ ಎಂದು ಹೇಳಿಸಿಕೊಂಡಾಗಿತ್ತು. ಮಲವಗೊಪ್ಪ ದಾಟುವಾಗ ಒಂದು ವಿಷಯ ತಲೆಗೆ ಬಂತು. ಲತಾಳ ಮೊದಲ ಸೀರಂ ಫ್ರಿಜ್ಜಿನಲ್ಲಿ ಅರ್ಧ ಉಳಿದಿದೆ.

ಲ್ಯಾಬಿಗೆ ಬಂದವಳೇ ಅದರಲ್ಲಿ ಸ್ವಲ್ಪವನ್ನು ಇನ್ನೊಂದು ನಳಿಗೆಗೆ ಹಾಕಿ, 'ಎರಡನೇ ರಕ್ತ' ಎಂದು ಆ ದಿನದ ತಾರೀಖು ಬರೆದು ಅಂಟಿಸಿದೆ. ಇದೊಂದೇ ಸಲ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವಾಗ ಹೀಗೇ ಅಂದುಕೊಳ್ಳುತ್ತದೇನೋ. ಆ ಅಧ್ಯಯನ ಮುಗಿಯುವಷ್ಟರಲ್ಲಿ ಭದ್ರಾವತಿಯ ಹದಿನಾಲ್ಕು ಜನರಲ್ಲಿ ಹನ್ನೊಂದು ಜನರ ಎರಡನೇ ರಕ್ತ ಫ್ರಿಜ್ಜಿನಿಂದಲೇ ಬಂದಿತ್ತು.

ಈಗ ಬಾರ್‌ಕೋಡ್ ಇದೆ, ಮೋಸ ಸಾಧ್ಯವಿಲ್ಲ ಎಂದು ನೀವು ಮನೆಗೆ ಬಂದಾಗ ಹೇಳಿದಿರಿ. ನನ್ನ ಚೀಟಿಯಲ್ಲೂ ಹೆಸರು ಸರಿಯಿತ್ತು, ನಂಬರು ಸರಿಯಿತ್ತು, ರಕ್ತವೂ ಅವರದೇ. ದಿನ ಮಾತ್ರ ಸುಳ್ಳು.

ಸರ್ ತಾವೇ ಕತ್ತಲೆ ಕೋಣೆಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಶಿವಮೊಗ್ಗದವರ ರಕ್ತದಲ್ಲಿ ಏರಿಕೆ ಚೆನ್ನಾಗಿ ಕಂಡಿತು. ಭದ್ರಾವತಿಯ ಹನ್ನೊಂದು ಜನರಲ್ಲಿ ಏನೂ ಏರಲಿಲ್ಲ. ಏರುವುದಾದರೂ ಹೇಗೆ, ಎರಡೂ ಒಂದೇ ದಿನದ ರಕ್ತ. ನಿಜವಾಗಿ ಎರಡನೇ ರಕ್ತ ಕೊಟ್ಟ ಮೂವರಲ್ಲಿ ಏರಿಕೆ ಇತ್ತು. ಅವರು ಗದ್ದೆ ಕೆಲಸಕ್ಕೆ ಬೇರೆ ಕಡೆ ಹೋಗಿದ್ದಿರಬೇಕು, ಅಲ್ಲಿ ಅಂಟಿದ್ದು ಎಂದು ಸರ್ ಅವರನ್ನು ಪಕ್ಕಕ್ಕಿಟ್ಟರು. ಸರ್ ಅಷ್ಟು ಉತ್ಸಾಹದಲ್ಲಿದ್ದುದನ್ನು ನಾನು ಅದುವರೆಗೂ ಕಂಡಿರಲಿಲ್ಲ. 'ವನಜಾಕ್ಷಿ, ಭದ್ರಾವತಿಯದು ಇಲಿ ಜ್ವರವೇ ಅಲ್ಲ! ಬೇರೆ ಯಾವುದೋ ಇದೆ, ಅದನ್ನ ನಾವು ಹಿಡೀಬೇಕು' ಎಂದರು. ನಾನು ಖಾಲಿ ನಳಿಗೆಗಳನ್ನು ತೊಳೆಯಲು ಎತ್ತಿಕೊಂಡು ಹೋದೆ.

ಔಷಧಿ ಸೇರಿದ ರಕ್ತದಲ್ಲಿ ಜೀವಾಣು ಸಿಗುವುದು ಕಷ್ಟ. ಹಾಗಾಗಿ ಸರ್ ಜ್ವರದ ವಾರ್ಡಿಗೆ ಒಂದು ಚೀಟಿ ಬರೆದರು. ಭದ್ರಾವತಿ ಕಡೆಯ ಜ್ವರ, ಕಾಮಾಲೆಯವರಿಗೆ ಇಲಿ ಜ್ವರದ ಔಷಧಿಯನ್ನು ಕೂಡಲೇ ಶುರುಮಾಡಬೇಡಿ, ನಮ್ಮ ಪರೀಕ್ಷೆ ಮುಗಿಯುವವರೆಗೆ ಕಾಯಿರಿ ಎಂದು. ಆ ಚೀಟಿಯನ್ನು ವಾರ್ಡಿಗೆ ಒಯ್ದು ಕೊಟ್ಟವಳು ನಾನು. ಮೆಟ್ಟಿಲಿಳಿಯುವಾಗ ಹರಿದು ಬಿಸಾಕಲೇ ಎನಿಸಿತು. ಬಿಸಾಕಲಿಲ್ಲ.

ಆಮೇಲಿನ ಮೂರು ವಾರ ನಾನು ಹೇಗಿದ್ದೆನೋ ನನಗೇ ಗೊತ್ತಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದರೂ ಗಮನವಿಲ್ಲ. ಊಟಕ್ಕೆ ಕೂತರೆ ಎದ್ದುಬಿಡಬೇಕು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ದಿನಾ ಬೆಳಿಗ್ಗೆ ವಾರ್ಡಿನ ಪಟ್ಟಿ ನೋಡುತ್ತಿದ್ದೆ. ಭದ್ರಾವತಿಯ ಹೆಸರಿಲ್ಲ ಎಂದರೆ ಅವತ್ತಿಗೆ ಉಸಿರು. ಇವತ್ತು ಸರ್‌ಗೆ ಹೇಳುತ್ತೇನೆ ಎಂದು ಅವರ ಬಾಗಿಲವರೆಗೆ ಹೋಗಿ, 'ಸರ್, ಕೈಗವಸು ಖಾಲಿಯಾಗಿದೆ' ಎಂದು ಹೇಳಿ ಬಂದದ್ದು ಎಷ್ಟು ಸಲವೋ. ಅಟೆಂಡರು ಕೈಗವಸಿನ ಪೆಟ್ಟಿಗೆಗಳನ್ನು ತಂದು ಒಟ್ಟಿ ಬೈದುಕೊಂಡ.

ಒಂದು ಗುರುವಾರ ವಾರ್ಡಿನ ಹೊರಗೆ ಬೆಂಚಿನ ಮೇಲೆ ಸಾವಿತ್ರಮ್ಮ ಕೂತಿದ್ದರು. ನನ್ನನ್ನು ನೋಡಿದವರೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

'ನೀನೇ ಅಲ್ವೇನಮ್ಮ, ಅವತ್ತು ಮನೆಗೆ ಬಂದಿದ್ದೋಳು? ನೋಡು, ನನ್ನ ಮಗ ಮಂಜನಿಗೆ ಜ್ವರ. ಕಣ್ಣು ಕೆಂಡ ಆಗಿದೆ. ನಿನ್ನೆ ಬೆಳಿಗ್ಗೆ ಸೇರಿಸಿದ್ವಿ. ಏನೋ ಪರೀಕ್ಷೆ ಆಗ್ಬೇಕು ಅಂತಾರೆ, ಇನ್ನೂ ಔಷಧಿ ಹಾಕಿಲ್ಲ. ಎಷ್ಟು ರಕ್ತ ಬೇಕೋ ಅಷ್ಟು ತಗೊಳಿ ತಾಯಿ, ಯಾವ ವಾರ ಆದ್ರೂ ತಗೊಳಿ. ನಾನು ಬೇಡ ಅನ್ನಲ್ಲ.'

ಕೈ ಬಿಡಿಸಿಕೊಂಡು ಓಡಿದೆ. ಸರ್ ಯಾರ ಜೊತೆಯೋ ಫೋನಿನಲ್ಲಿದ್ದರು. ಅದನ್ನು ಲೆಕ್ಕಿಸದೆ ಹೇಳಿದೆ. ಫ್ರಿಜ್ಜು, ನಳಿಗೆ, ಶುಕ್ರವಾರ, ಎಲ್ಲ. ಅವರು ಫೋನನ್ನು ಮೆಲ್ಲಗೆ ಕೆಳಗಿಟ್ಟರು.

'ಎಷ್ಟು ಜನರದ್ದು?'

'ಹನ್ನೊಂದು, ಸರ್.'

ಅವರು ಎದ್ದು ಹೊರಟೇಬಿಟ್ಟರು. ಹೊಟ್ಟೆ ಬಂದಿದ್ದ ಆ ಮನುಷ್ಯ ಮೆಟ್ಟಿಲು ಹಾರಿ ಹಾರಿ ಇಳಿದದ್ದನ್ನು ಅವತ್ತೊಂದು ದಿನ ನೋಡಿದ್ದು. ತಾವೇ ನಿಂತು ಮಂಜುನಾಥನಿಗೆ ಔಷಧಿ ಹಾಕಿಸಿ, ತಾವು ಬರೆದಿದ್ದ ಚೀಟಿಯನ್ನು ಗೋಡೆಯಿಂದ ಕಿತ್ತು ಜೇಬಿಗೆ ಹಾಕಿಕೊಂಡು ಬಂದರು. ನಾನು ಅಲ್ಲೇ ನಿಂತಿದ್ದೆ.

'ಶುಕ್ರವಾರ ನಮ್ಮನೇಲೂ ಪಕ್ಕದ ಮನೆಗೆ ಉಪ್ಪು ಕೊಡಲ್ಲ. ನನಗೆ ಗೊತ್ತಿಲ್ವೇನ್ರೀ? ಒಂದು ಮಾತು ಹೇಳಿದ್ರೆ ಕ್ಲಿನಿಕ್ಕನ್ನೇ ಬುಧವಾರ, ಗುರುವಾರಕ್ಕೆ ಬದಲಾಯಿಸ್ತಿದ್ದೆ.'

'ಪಂಚಾಂಗದ ಕಾರಣ ತರಬೇಡಿ ಅಂದಿದ್ರಿ, ಸರ್.'

ಅವರು ಕುರ್ಚಿಯಲ್ಲಿ ಕೂತರು. 'ಅಂದಿದ್ದೆ' ಎಂದರು. 'ಹನ್ನೊಂದು ಜೋಡಿ ಹಾಗೆ ಒಂದೇ ಥರ ಬರಲ್ಲ. ನಲವತ್ತು ವರ್ಷದಿಂದ ನೋಡ್ತಿರೋನು ನಾನು. ನನಗೆ ಬೇಕಾಗಿದ್ದ ಉತ್ತರ ಬಂತು ಅಂತ ಮತ್ತೆ ನೋಡಲಿಲ್ಲ.'

ಮಂಜುನಾಥನ ರಕ್ತವನ್ನು ನಾನೇ ಪರೀಕ್ಷೆಗೆ ಹಾಕಿದೆ. ಕತ್ತಲೆ ಕೋಣೆಯಲ್ಲಿ ನೋಡಿದರೆ ಜೀವಾಣುಗಳೆಲ್ಲ ಗುಂಪು ಗುಂಪಾಗಿ ಅಂಟಿಕೊಂಡಿದ್ದವು, ಸೀರಂ ಎಷ್ಟು ತೆಳು ಮಾಡಿದರೂ ಬಿಡಲಿಲ್ಲ. ಮೊದಲ ರಕ್ತದಲ್ಲೇ ಶಕ್ತಿ ಅಷ್ಟು ಏರಿದ್ದರಿಂದ ಎರಡನೇ ರಕ್ತವೇ ಬೇಕಾಗಲಿಲ್ಲ. ಅಷ್ಟರಲ್ಲಿ ಅವನ ಮೂತ್ರ ನಿಂತಿತ್ತು. ಡಯಾಲಿಸಿಸ್ ಮಾಡಿದರು. ಸೋಮವಾರ ಮಧ್ಯಾಹ್ನ ತೀರಿಕೊಂಡ. ಮೂವತ್ನಾಲ್ಕು ವರ್ಷ, ಒಂದು ಹೆಣ್ಣು ಮಗು.

'ಒಂದೂವರೆ ದಿನ ಮೊದಲೇ ಔಷಧಿ ಹಾಕಿದ್ರೆ ಬದುಕ್ತಿದ್ದ ಅಂತ ಯಾರೂ ಹೇಳಲಾರರು, ವನಜಾಕ್ಷಿ. ಬದುಕ್ತಿರಲಿಲ್ಲ ಅಂತಲೂ ಹೇಳಲಾರರು' ಎಂದರು ಸರ್. ನನಗೆ ಸಮಾಧಾನ ಹೇಳಲು ಅಂದ ಮಾತಲ್ಲ, ಅವರು ಸುಳ್ಳು ಹೇಳುವವರಲ್ಲ. ಈ ಮಾತಿನ ಅರ್ಧ ಭಾಗ ಹಿಡಿದುಕೊಂಡು ಮಲಗಲು ಹೋದರೆ ಉಳಿದರ್ಧ ಎಬ್ಬಿಸುತ್ತದೆ. ಇವತ್ತಿಗೂ ಹಾಗೇ.

ಸರ್ ತಮ್ಮ ಅಧ್ಯಯನವನ್ನು ಕೈಬಿಟ್ಟರು. ಕಾಲೇಜಿನ ಸಭೆಯಲ್ಲಿ ಎದ್ದು ನಿಂತು, 'ತಪ್ಪು ನನ್ನ ಲ್ಯಾಬಿನದು, ವಾರ್ಡಿಗೆ ಚೀಟಿ ಬರೆದದ್ದು ನಾನು' ಎಂದಷ್ಟೇ ಹೇಳಿದರು. ನನ್ನ ಹೆಸರು ಎತ್ತಲಿಲ್ಲ. ನನಗೆ ಸಿಕ್ಕಿದ್ದು ಒಂದು ಮೆಮೊ, ಅದೂ ಮುಚ್ಚಿದ ಲಕೋಟೆಯಲ್ಲಿ. ಅವರು ಎಲ್ಲರೆದುರು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು ಎಂದು ಆಗ ಅನಿಸಿತ್ತು, ಸಿಟ್ಟೂ ಬಂದಿತ್ತು. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಒಂದು ಹೇಳುತ್ತೇನೆ. ನಾಚಿಕೆಯಾಗುವಂಥ ಕಾರಣ, ಮೇಲಿನವರು ನಗಬಹುದಾದ ಕಾರಣ, ಅಂಥದ್ದನ್ನೇ ಮೊದಲು ಹೇಳಿ. ಇಲಿಗೆ ಬೋಂಡ ಬೇಕು ಎಂಬುದೂ, ಹೆಂಗಸರಿಗೆ ಶುಕ್ರವಾರ ಬೇಡ ಎಂಬುದೂ ರಿಜಿಸ್ಟರಿನಲ್ಲಿ ಬರೆಯಬೇಕಾದ ವಿಷಯಗಳೇ.

ಆ ಹನ್ನೊಂದು ಮನೆಗಳಿಗೆ ಹೋಗಿ ಮತ್ತೆ ರಕ್ತ ತರಬೇಕೆಂದು ಸರ್ ಹೇಳಿದರು. ತಡವಾಗಿದ್ದರೂ ಏರಿಕೆ ಕಾಣಬಹುದು, ನಿಜ ಏನೆಂದು ದಾಖಲೆಯಾದರೂ ಆಗಲಿ ಎಂದು. ಬುಧವಾರ, ಗುರುವಾರ ಹೋದೆ. ಮೊದಲು ಹೋದ ಹತ್ತು ಮನೆಗಳಲ್ಲೂ ನಗುನಗುತ್ತ ತೋಳು ಚಾಚಿದರು. ಆ ಹತ್ತರಲ್ಲಿ ಒಂಬತ್ತು ಜನರದ್ದು ಇಲಿ ಜ್ವರವೇ ಆಗಿತ್ತು.

ಸಾವಿತ್ರಮ್ಮನ ಮನೆಯನ್ನು ಕಡೆಗೆ ಉಳಿಸಿಕೊಂಡಿದ್ದೆ. ಸಾವಾಗಿ ತಿಂಗಳಾಗಿತ್ತು. ಲತಾ ಬಂದು ಕೂತಳು, ರಕ್ತ ಕೊಟ್ಟಳು, ಮಗುವನ್ನೆತ್ತಿಕೊಂಡು ಒಳಗೆ ಹೋದಳು. ಡಬ್ಬಿ ಮುಚ್ಚಿ ಹೊರಟುಬಿಡಬಹುದಿತ್ತು. ಹೇಳು ಎಂದು ಯಾರೂ ಹೇಳಿರಲಿಲ್ಲ. ನನ್ನಿಂದ ಆಗಲಿಲ್ಲ. ಸಾವಿತ್ರಮ್ಮನ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಲತಾಳ ಎರಡನೇ ರಕ್ತ ಎಂದು ಮೊದಲನೆಯದನ್ನೇ ಇಟ್ಟದ್ದು, ಅದರಿಂದ ಭದ್ರಾವತಿಯದು ಇಲಿ ಜ್ವರವಲ್ಲ ಎಂದಾದದ್ದು, ಮಂಜುನಾಥನಿಗೆ ಔಷಧಿ ತಡವಾದದ್ದು. ಹೇಳಿಬಿಟ್ಟರೆ ಎದೆ ಹಗುರಾದೀತು ಎಂಬ ಆಸೆ ನನಗಿತ್ತು, ಸುಳ್ಳಾಡುವುದಿಲ್ಲ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ಗೋಡೆಯ ಕಡೆ ನೋಡುತ್ತ ಕೂತಿದ್ದರು.

'ಹಂಗಾದ್ರೆ ಅವತ್ತು ಶುಕ್ರವಾರ ನಾನು ಅಡ್ಡ ಬರದೆ ರಕ್ತ ಕೊಡಿಸಿದ್ರೆ ನನ್ನ ಮಗ ಉಳೀತಿದ್ನಾ?'

ನನ್ನ ಭಾರ ಇಳಿಸಲು ಹೋಗಿ ಅದನ್ನು ಆ ತಾಯಿಯ ತಲೆಯ ಮೇಲೆ ಹೊರಿಸಿದ್ದೆ.

'ಇಲ್ಲಮ್ಮ, ಇಲ್ಲ. ನಿಮ್ಮದೇನೂ ತಪ್ಪಿಲ್ಲ' ಎಂದೆ. 'ನೀವು ಕೊಡಲ್ಲ ಅನ್ನಲಿಲ್ಲ. ನಾಳೆ ಬಾ ಅಂದ್ರಿ. ನಾನು ಬರಲಿಲ್ಲ.'

ಸಾವಿತ್ರಮ್ಮ ಆಗ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು.

'ಯಾಕಮ್ಮ ಬರ್ಲಿಲ್ಲ? ಶಿವಮೊಗ್ಗದಿಂದ ಬಸ್ಸಿರಲಿಲ್ವಾ?'

'ಇತ್ತಮ್ಮ' ಎಂದೆ. 'ಐದೈದು ನಿಮಿಷಕ್ಕೊಂದಿತ್ತು.'